ಕೊನೆಯ 270 ಕಿಲೋಮೀಟರು: ಹೆದ್ದಾರಿ ಬಿಟ್ಟು ತಾರಿ ಹಿಡಿದ ನನ್ನ ಅನುಭವ

ಕರಾವಳಿ ಸುತ್ತುವ ನಮ್ಮ ಬೈಕ್ ಮಂದಿಯಲ್ಲಿ ಒಂದು ರೂಢಿ ಬೇರೂರಿದೆ. ಅಲಿಬಾಗಿನಿಂದ ಮಾಲ್ವಣದವರೆಗೆ ನಿಂತು ನಿಂತು ಬರುವುದು, ಗೋವಾದಲ್ಲಿ ಮನಸ್ಸು ತುಂಬುವಷ್ಟು ಇರುವುದು, ಕಾರವಾರ ಮುಟ್ಟುವ ಹೊತ್ತಿಗೆ ರಜೆ, ದುಡ್ಡು, ಸೊಂಟ ಮೂರೂ ಮುಗಿದಿರುವುದು. ಅಲ್ಲಿಂದ ಮಂಗಳೂರಿನವರೆಗಿನ ಕೊನೆಯ 270 ಕಿಲೋಮೀಟರು ಪ್ರವಾಸವಲ್ಲ, ಓಟ. ಬೆಳಗ್ಗೆ ಕಾಳಿ ಸೇತುವೆ ದಾಟಿದವರು ರಾತ್ರಿ ಮಂಗಳೂರಿನಲ್ಲಿ ಉಂಡು, ಮರುದಿನ ಶಿರಾಡಿ ಘಾಟಿ ಹತ್ತಿ ಬೆಂಗಳೂರು ಸೇರುತ್ತಾರೆ. ಕರ್ನಾಟಕದ ಕರಾವಳಿ ನೋಡಿದೆವು ಎನ್ನುವವರಲ್ಲಿ ಬಹಳಷ್ಟು ಮಂದಿ ನೋಡಿರುವುದು ರಾಷ್ಟ್ರೀಯ ಹೆದ್ದಾರಿ 66ರ ಡಿವೈಡರನ್ನು.

ಕೊನೆಯ ದಿನಗಳನ್ನು ಅಳಿವೆಗಳಿಗೆ, ಅಂದರೆ ಹೊಳೆ ಕಡಲು ಸೇರುವ ಬಾಯಿಗಳಿಗೆ ಮೀಸಲಿಡಬೇಕು, ಸಾಧ್ಯವಿದ್ದಲ್ಲೆಲ್ಲ ಸೇತುವೆ ಬಿಟ್ಟು ತಾರಿಯಲ್ಲಿ, ಅಂದರೆ ಜನ, ಗಾಡಿ ದಾಟಿಸುವ ದೋಣಿ ಅಥವಾ ಚಪ್ಪಟೆ ಬಾರ್ಜಿನಲ್ಲಿ ಹೊಳೆ ದಾಟಬೇಕು ಎಂದು ನಾನು ಹೇಳತೊಡಗಿ ಕೆಲವು ವರ್ಷಗಳಾದವು. ಕೇಳಿದವರು ನಕ್ಕರು. "ಬಾರ್ಜ್ ನಂಬಿದರೆ ಊರು ಮುಟ್ಟುವುದಿಲ್ಲ" ಎಂದರು ಒಬ್ಬರು. "ಕೊಂಕಣದಲ್ಲಿ ಬಾಗಮಾಂಡ್ಲಾ, ದಾಭೋಳದಲ್ಲಿ ಬಾರ್ಜ್ ಇದೆ, ನಮ್ಮಲ್ಲಿ ಏನಿದೆ?" ಎಂದರು ಇನ್ನೊಬ್ಬರು. ಖರ್ಚು ದುಪ್ಪಟ್ಟಾಗುತ್ತದೆ ಎನ್ನುವುದಂತೂ ಎಲ್ಲರ ಬಾಯಲ್ಲೂ ಇತ್ತು. ಈ ಫೆಬ್ರವರಿಯಲ್ಲಿ ನನ್ನ ಲೆಕ್ಕ ಅಂದುಕೊಂಡಂತೆ ಕೂಡಿಬಂದಿತು, ಅದಕ್ಕೇ ಬರೆಯುತ್ತಿದ್ದೇನೆ. ಚೈನ್ ಸಡಿಲ ನೋಡುವುದು, ಪಂಕ್ಚರ್ ಹಾಕುವುದು, ಸಾಮಾನು ಕಟ್ಟುವುದು ಇವೆಲ್ಲ ಓದುವವರಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದೇನೆ.

ಮೊದಲು ಗಾಡಿಯ ಮಾತು. ನನ್ನದು ಹಳೆಯ ನೂರು ಸಿಸಿ ಬೈಕ್. ತೂಕ ನೂರಹತ್ತು ಕಿಲೋ ಆಸುಪಾಸು. ಜೊತೆಯವರದು ನೂರೆಂಬತ್ತು, ಇನ್ನೂರು ಕಿಲೋ ತೂಗುವ ಗಾಡಿಗಳು. ಹೆದ್ದಾರಿಯಲ್ಲಿ ಅವರು ನನ್ನನ್ನು ಕನ್ನಡಿಯಲ್ಲೂ ಕಾಣದಷ್ಟು ಹಿಂದೆ ಬಿಟ್ಟು ಹೋಗುತ್ತಾರೆ, ನಿಜ. ಆದರೆ ಗೋಕರ್ಣದ ಹತ್ತಿರ, ಅಘನಾಶಿನಿ ಹೊಳೆಯ ಬಾಯಲ್ಲಿರುವ ತದಡಿಯ ಧಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆಯಲ್ಲಿ) ದೋಣಿಗೆ ಗಾಡಿ ಏರಿಸುವಾಗ ಮುಂದೆ ಒಬ್ಬ, ಹಿಂದೆ ಒಬ್ಬ ಹಿಡಿದರೆ ನನ್ನ ಬೈಕ್ ಎದ್ದು ಹೋಗುತ್ತದೆ. ಅವರದಕ್ಕೆ ನಾಲ್ವರು ಬೇಕು, ನಾಲ್ವರು ನಿಲ್ಲಲು ಹಲಗೆಯ ಮೇಲೆ ಜಾಗವಿಲ್ಲ.

ಹಿಂದೊಮ್ಮೆ ಇದೇ ತದಡಿಯಲ್ಲಿ ಯೋಜನೆ ಕೈಕೊಟ್ಟಿತ್ತು. ಗೋಕರ್ಣದಲ್ಲಿ ತಿಂಡಿ ಮುಗಿಸಿ ಧಕ್ಕೆಗೆ ಬಂದರೆ ಪೂರ್ತಿ ಇಳಿತ. ದೋಣಿ ಧಕ್ಕೆಯ ಅಂಚಿಗಿಂತ ಆಳೆತ್ತರ ಕೆಳಗೆ ನಿಂತಿತ್ತು. ಮೆಟ್ಟಿಲಿನ ಕೆಳಗಿನ ಅರ್ಧಕ್ಕೆ ಹಸಿರು ಪಾಚಿ, ಅದರ ಮೇಲೆ ಮೀನಿನ ನೀರು. ಜೊತೆಗಾರನ ದೊಡ್ಡ ಗಾಡಿಯ ಮುಂದಿನ ಚಕ್ರ ಒಂದು ಮೆಟ್ಟಿಲು ಇಳಿದದ್ದೇ ತಡ, ದೋಣಿ ನಡೆಸುವ ತಂಡೇಲ ಕೈಯೆತ್ತಿ, "ಬೇಡ ಮಾರಾಯರೇ, ಗಾಡಿಯೂ ಹೋಗುತ್ತದೆ, ನನ್ನ ದೋಣಿಯೂ ಹೋಗುತ್ತದೆ" ಎಂದ. ವಾಪಸ್ ಗೋಕರ್ಣ, ಮಾದನಗೇರಿ, ಮಿರ್ಜಾನ್ ಸುತ್ತಿ ಕುಮಟೆಗೆ ಮೂವತ್ತು ಕಿಲೋಮೀಟರಿಗೂ ಮಿಗಿಲು. ಎದುರಿಗೇ ಕಾಣುತ್ತಿದ್ದ ಅಘನಾಶಿನಿ ಊರಿಗೆ ಹೋಗಲಾಗಲಿಲ್ಲ. ಜೊತೆಗಾರ ಆ ದಿನವೇ ಶಪಥ ಮಾಡಿ ಉಡುಪಿಯವರೆಗೆ ಗಾಡಿ ನಿಲ್ಲಿಸಲಿಲ್ಲ. ರಾತ್ರಿ ಒಂಬತ್ತರ ಮೇಲೆ ಸಿಕ್ಕಿದ ಕೋಣೆಗೆ ಸಾವಿರದ ಎಂಟುನೂರೋ ಏನೋ ತೆತ್ತೆವು.

ಇನ್ನೊಂದು ಸಲ ಬೇರೊಂದು ತಾರಿಯಲ್ಲಿ ಬಾರ್ಜಿನ ಎಂಜಿನ್ ಬಿಚ್ಚಿಟ್ಟಿದ್ದರು. ಹೇಳುವವರು ಕೇಳುವವರು ಯಾರೂ ಇರಲಿಲ್ಲ, ಅರ್ಧ ದಿನ ಹಾಳು. ಮಳೆಗಾಲ ಶುರುವಾದ ಮೇಲೆ ಹೋಗಿ ನೋಡಿದ್ದೂ ಉಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಧಕ್ಕೆಗಳೆಲ್ಲ ಖಾಲಿ, ಹೊಳೆ ಕೆಂಪಗೆ ತುಂಬಿ ಹರಿಯುತ್ತಿರುತ್ತದೆ. ಆಗ ತಾರಿಯ ಆಸೆಯನ್ನೇ ಇಟ್ಟುಕೊಳ್ಳಬಾರದು.

ಈ ಸೋಲುಗಳಲ್ಲಿ ಬಾರ್ಜಿನ ತಪ್ಪು ಕಡಿಮೆ, ಗಡಿಯಾರದ ತಪ್ಪು ಹೆಚ್ಚು ಎಂದು ನನಗೆ ಹೊಳೆದದ್ದು ಒಬ್ಬ ಮುದುಕ ಮೀನುಗಾರರಿಂದ. ದಿನಾಂಕ ಕೇಳಿದರೆ ಅವರಿಗೆ ಗೊತ್ತಿರಲಿಲ್ಲ, ತಿಥಿ ಬಾಯಿತುದಿಯಲ್ಲಿತ್ತು. ಹುಣ್ಣಿಮೆ, ಅಮಾವಾಸ್ಯೆಯ ದಿನ ಕಾರವಾರ–ಕುಮಟೆ ಕಡೆ ಉಬ್ಬರ ತುಂಬುವುದು ಬೆಳಗ್ಗೆ ಹತ್ತೂವರೆ, ಹನ್ನೊಂದರ ಸುಮಾರಿಗೆ. ಮುಂದಿನ ಪ್ರತಿದಿನವೂ ಐವತ್ತು ನಿಮಿಷದಷ್ಟು ತಡ. ಬಿದಿಗೆ, ತದಿಗೆಗೆ ಬಂದರೆ ಮಧ್ಯಾಹ್ನ ಹನ್ನೆರಡೂವರೆಯಿಂದ ಒಂದೂವರೆಯೊಳಗೆ ನೀರು ಧಕ್ಕೆಯ ಅಂಚಿಗೆ ಬಂದಿರುತ್ತದೆ, ದೋಣಿಯೂ ಅದರ ಜೊತೆ ಏರಿ ನಿಂತಿರುತ್ತದೆ. ಗಾಡಿ ತಳ್ಳಿದರೆ ಹಲಗೆ ಹೆಚ್ಚುಕಡಿಮೆ ಮಟ್ಟಸ. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರ ಸಂಜೆಗೆ ಹೋಗುತ್ತದೆ, ಅದೂ ಅರೆಮನಸ್ಸಿನದು. ಇದನ್ನು ಸರ್ವೇ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರವಿಳಿತದ ಪಟ್ಟಿಯೊಂದಿಗೆ ತಾಳೆ ನೋಡಿದೆ. ಮುದುಕರ ಬಾಯಿಲೆಕ್ಕ ಹದಿನೈದು ಇಪ್ಪತ್ತು ನಿಮಿಷದಾಚೆ ತಪ್ಪಲಿಲ್ಲ.

ಹೀಗಾಗಿ ಈಗ ನಾನು ರಜೆ ಬರೆಯುವುದೇ ಹಿಂದುಮುಂದಾಗಿ. ಹುಣ್ಣಿಮೆಯ ಎರಡನೆಯ ದಿನ ತದಡಿಯಲ್ಲಿರಬೇಕು ಎಂದು ಗುರುತು ಹಾಕಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಗೋವಾ, ಮಾಲ್ವಣ, ರತ್ನಾಗಿರಿಯ ದಿನಗಳನ್ನು ಹಂಚುತ್ತೇನೆ. ಕೊನೆಯಿಂದ ಶುರುಮಾಡಿದರೆ ಕೊನೆಗೆ ಕೊರತೆ ಬೀಳುವುದಿಲ್ಲ. ಅಮಾವಾಸ್ಯೆಯೂ ಆಗಬಹುದು. ಆದರೆ ಮಹಾಶಿವರಾತ್ರಿ ಬೀಳುವುದು ಅಮಾವಾಸ್ಯೆಯ ಮುನ್ನಾದಿನ. ನೀರು ಚೆನ್ನಾಗಿರುತ್ತದೆ, ಗೋಕರ್ಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಕೋಣೆಯ ಬಾಡಿಗೆ ಕೇಳುವುದೇ ಬೇಡ. ಮಾಘದ ಹುಣ್ಣಿಮೆಯನ್ನು ಹಿಡಿದರೆ ಅದೇ ನೀರು, ಅರ್ಧ ದುಡ್ಡು.

ಉತ್ತರದಿಂದ ದಕ್ಷಿಣಕ್ಕೆ ಬರುವುದರ ಬಗ್ಗೆಯೂ ನನಗೂ ಗೆಳೆಯರಿಗೂ ಜಗಳವಿದೆ. ಉತ್ತರಕ್ಕೆ ಹೋದರೆ ಸಮುದ್ರ ನಮ್ಮ ಎಡಕ್ಕೆ, ಅಂದರೆ ನಮ್ಮದೇ ಬದಿಗೆ ಬರುತ್ತದೆ ಎನ್ನುವುದು ಅವರ ವಾದ. ಒಪ್ಪುತ್ತೇನೆ. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ಮಧ್ಯಾಹ್ನದ ಮೇಲೆ ಬೀಸುವ ಗಾಳಿ ಬಹುಪಾಲು ವಾಯವ್ಯದ್ದು. ದಕ್ಷಿಣಕ್ಕೆ ಹೊರಟವನ ಬೆನ್ನಿಗೆ ಅದು ಬೀಳುತ್ತದೆ. ನೂರು ಸಿಸಿ ಗಾಡಿಗೆ ಇದು ಸಣ್ಣ ವಿಷಯವಲ್ಲ. ಹೊನ್ನಾವರದಿಂದ ಬೈಂದೂರಿನವರೆಗೆ ಲೀಟರಿಗೆ ಅರವತ್ತೈದರ ಮೇಲೆ ಕೊಟ್ಟಿತು. ಎದುರುಗಾಳಿಯಲ್ಲಿ ಅದೇ ಗಾಡಿ ಐವತ್ತೈದಕ್ಕೆ ಇಳಿದದ್ದನ್ನು ನೋಡಿದ್ದೇನೆ.

ಇನ್ನು ದಾರಿ. ಕಾರವಾರದಲ್ಲಿ ಕಾಳಿಯನ್ನು ಹೊಸ ಸೇತುವೆಯಲ್ಲೇ ದಾಟಬೇಕು. ಪಕ್ಕದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದುಬಿತ್ತು. ಸೇತುವೆ ಇರುವಾಗ ದೋಣಿ ಏಕೆ ಎಂದು ಕೇಳುತ್ತಿದ್ದವರು ಆ ವಾರ ಸ್ವಲ್ಪ ಸುಮ್ಮನಿದ್ದರು. ಅದಕ್ಕೂ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದಿತ್ತು. ಆ ತಿರುವಿನಲ್ಲಿ ನಾನು ನಿಲ್ಲುವುದಿಲ್ಲ, ಫೋಟೊ ತೆಗೆಯುವುದಿಲ್ಲ. ತಂಗಿದ್ದು ಅಂಕೋಲೆಯಲ್ಲಿ, ಕೋಣೆಗೆ ಏಳುನೂರು. ಗೋಕರ್ಣದಲ್ಲಿ ಅದೇ ಮಟ್ಟದ ಕೋಣೆಗೆ ಸಾವಿರದ ಐನೂರು ಹೇಳುತ್ತಾರೆ. ಮರುದಿನ ಗೋಕರ್ಣದಲ್ಲಿ ಬೇಕೆಂದೇ ಕಾಲಹರಣ ಮಾಡಿ ಹನ್ನೆರಡೂವರೆಗೆ ತದಡಿಗೆ ಬಂದೆ.

ನೀರು ಧಕ್ಕೆಯ ಅಂಚಿಗಿಂತ ಗೇಣುದ್ದ ಕೆಳಗಿತ್ತು. ಹಲಗೆ ಒಂದೂವರೆ ಅಡಿ ಅಗಲ, ನಡುವೆ ಒಂದು ಕಡೆ ಸೀಳು, ಸೀಳಿನ ಮೇಲೆ ತಗಡಿನ ತೇಪೆ. ಪೆಟ್ಟಿಗೆ, ಚೀಲ ಎಲ್ಲ ಮೊದಲೇ ಬಿಚ್ಚಿ ದೋಣಿಯಲ್ಲಿಟ್ಟೆ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ತಳ್ಳಬಾರದು. ಎಂಜಿನ್ ಆರಿಸಿ, ಮೊದಲ ಗೇರಿನಲ್ಲಿಟ್ಟು, ಕ್ಲಚ್ ಹಿಡಿದು ತಳ್ಳಬೇಕು. ಜಾರಿತು ಎನ್ನಿಸಿದ ಕ್ಷಣ ಕ್ಲಚ್ ಬಿಟ್ಟರೆ ಹಿಂದಿನ ಚಕ್ರ ಕಚ್ಚಿ ನಿಲ್ಲುತ್ತದೆ. ಮುಂದಿನ ಬ್ರೇಕ್ ಮಾತ್ರ ಮುಟ್ಟಬಾರದು, ಒದ್ದೆ ಹಲಗೆಯ ಮೇಲೆ ಮುಂದಿನ ಚಕ್ರ ಅಡ್ಡ ಹೋಗುತ್ತದೆ. ದೋಣಿಯೊಳಗೆ ಸೈಡ್ ಸ್ಟ್ಯಾಂಡಿನ ಕೆಳಗೆ ಒಡೆದ ತೆಂಗಿನ ಸಿಪ್ಪೆ ಇಟ್ಟರು, ಮರದಲ್ಲಿ ಕುಳಿ ಬೀಳದಿರಲಿ ಎಂದು. "ಗಾಡಿಯ ಮೇಲೆ ಕೂತೇ ಇರಿ, ಇಳಿಯಬೇಡಿ" ಎಂದ ತಂಡೇಲನ ಮಗ. ಕಾಲೂರಿ ಕುಳಿತೆ. ಹತ್ತು ನಿಮಿಷದಲ್ಲಿ ಆಚೆ ದಡ. ಗಾಡಿ, ಆಳು ಸೇರಿ ಕೊಟ್ಟದ್ದು ಮೂವತ್ತೋ ನಲವತ್ತೋ ರೂಪಾಯಿ.

ಉಬ್ಬರದಲ್ಲಿ ದಾಟುವವರಿಗೆ ಒಂದು ನಷ್ಟವಿದೆ. ಅಘನಾಶಿನಿಯಲ್ಲಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವವರು ಕಾಣುವುದು ಇಳಿತದಲ್ಲಿ ಮಾತ್ರ. ಅದಕ್ಕಾಗಿ ಆಚೆ ದಡದಲ್ಲಿ ಊಟ ಮಾಡಿ, ನೆರಳು ಹುಡುಕಿ, ನಾಲ್ಕು ಗಂಟೆಯವರೆಗೆ ಮಲಗಿದೆ. ನೀರು ಇಳಿಯುತ್ತಿದ್ದಂತೆ ಸೊಂಟದ ಮಟ್ಟಕ್ಕೆ ಹೊಳೆಯಲ್ಲಿ ನಿಂತವರು ಕೆಸರು ತಡಕುತ್ತ ಬಳಚು ಎತ್ತಿ ದೋಣಿಗೆ ಹಾಕತೊಡಗಿದರು. ಈ ಅಳಿವೆ 2024ರಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹೆದ್ದಾರಿಯಲ್ಲಿ ಹೋದವರಿಗೆ ಕಾಣುವುದು ಸೇತುವೆಯ ಕೆಳಗಿನ ಒಂದಿಷ್ಟು ನೀರು. ಒಳದಾರಿಯಲ್ಲಿ ಕಾಗಾಲ, ಬಾಡ ಹಾದು ಕುಮಟೆಗೆ ಬರುವಾಗ ಕತ್ತಲಾಗಿರಲಿಲ್ಲ.

ಕುಮಟೆಯಿಂದ ಬೈಂದೂರಿನವರೆಗೆ ತಾರಿಯ ಆಟ ನಡೆಯುವುದಿಲ್ಲ, ಹೆದ್ದಾರಿಯೇ ಗತಿ. ಹೊನ್ನಾವರದಲ್ಲಿ ಶರಾವತಿ, ಆಚೆ ಕಾಸರಕೋಡು, ಮುರ್ಡೇಶ್ವರ, ಭಟ್ಕಳ. ಇವುಗಳ ಬಗ್ಗೆ ಬರೆದವರು ಸಾಕಷ್ಟಿದ್ದಾರೆ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಒಂದು ಕಡೆ ಸೌಪರ್ಣಿಕಾ ಎಂದು ಎಲ್ಲರೂ ನಿಲ್ಲುತ್ತಾರೆ, ನಾನೂ ಚಹಾ ಕುಡಿಯುವಷ್ಟು ಹೊತ್ತು ನಿಂತೆ. ನನಗೆ ಅದಕ್ಕಿಂತ ಇಷ್ಟ ಗಂಗೊಳ್ಳಿ. ಮುಳ್ಳಿಕಟ್ಟೆಯಲ್ಲಿ ಬಲಕ್ಕೆ ತಿರುಗಿ ಬಂದರದವರೆಗೆ ಹೋದರೆ ಪಂಚಗಂಗಾವಳಿ ಸಮುದ್ರ ಸೇರುವ ಬಾಯಿ. ಎದುರಿಗೆ ಕುಂದಾಪುರದ ಕೋಡಿ, ಕೂಗಿದರೆ ಕೇಳಿಸೀತು. ಗಾಡಿಯಲ್ಲಿ ಅಲ್ಲಿಗೆ ಹೋಗಲು ಮಾತ್ರ ಬಂದ ದಾರಿಯಲ್ಲೇ ಹಿಂತಿರುಗಿ ಹೆದ್ದಾರಿ ಹಿಡಿದು ಹೆಮ್ಮಾಡಿ ಸುತ್ತಬೇಕು. ಆ ಸುತ್ತನ್ನು ಬೈಯುತ್ತಲೇ ಸುತ್ತಿದೆ.

ಇಲ್ಲಿ ಒಂದು ಅಡ್ಡ ಪ್ರಯೋಗ ಹೇಳಬೇಕು. ಉಪ್ಪುಗಾಳಿಯಲ್ಲಿ ಕಡ್ಡಿಚಕ್ರಗಳ ಕಡ್ಡಿಗಳು ತುಕ್ಕು ಹಿಡಿಯುವುದನ್ನು ತಡೆಯಲು ಜನ ಏನೇನೋ ಹಚ್ಚುತ್ತಾರೆ. ಈ ಸಲ ಹಿಂದಿನ ಚಕ್ರದ ಕಡ್ಡಿಗಳನ್ನು ನಾಲ್ಕು ಪಾಲು ಮಾಡಿ ಬಣ್ಣದ ದಾರ ಕಟ್ಟಿದೆ. ಒಂದು ಪಾಲಿಗೆ ಕೊಬ್ಬರಿ ಎಣ್ಣೆ, ಒಂದಕ್ಕೆ ಎಂಜಿನ್ನಿನ ಹಳೆಯ ಆಯಿಲ್, ಒಂದಕ್ಕೆ ಕಾರಿಗೆ ಹಾಕುವ ಮೇಣದ ಪಾಲಿಶ್, ಒಂದಕ್ಕೆ ಏನೂ ಇಲ್ಲ. ಮಾಲ್ವಣದಿಂದ ಕುಂದಾಪುರಕ್ಕೆ ಬರುವಷ್ಟರಲ್ಲಿ ಏನೂ ಹಚ್ಚದ ಕಡ್ಡಿಗಳ ಬುಡದಲ್ಲಿ ಕೆಂಪು ಚುಕ್ಕೆ. ಕೊಬ್ಬರಿ ಎಣ್ಣೆಯ ಪಾಲು ಧೂಳು ಹಿಡಿದು ಚಕ್ಕುಲಿಯಂತೆ ಗರಗರ ಆಗಿತ್ತು. ಹಳೆಯ ಆಯಿಲ್ ಬ್ರೇಕಿನ ಡ್ರಮ್ಮಿನ ಕಡೆ ಇಳಿಯತೊಡಗಿದ್ದರಿಂದ ಗೋವಾದಲ್ಲೇ ಒರೆಸಿಹಾಕಿದ್ದೆ. ಮೇಣ ಪರವಾಗಿಲ್ಲ. ಮುಂದಿನ ಚಕ್ರಕ್ಕೆ ನಾನು ಹಚ್ಚಿದ್ದು ಈ ನಾಲ್ಕರಲ್ಲಿ ಯಾವುದೂ ಅಲ್ಲ, ನನ್ನದೇ ಒಂದು ಮಿಶ್ರಣ, ಮನೆಯಲ್ಲಿ ಸುಲಭವಾಗಿ ಸಿಗುವ ಎರಡು ವಸ್ತು. ಒಂದು ಚುಕ್ಕೆಯೂ ಇಲ್ಲ. ಅದನ್ನು ಇನ್ನೊಂದು ಸಲ ಪರೀಕ್ಷಿಸಿದ ಮೇಲೆ ಹೇಳುತ್ತೇನೆ. ಯಾವುದನ್ನು ಹಚ್ಚಿದರೂ ಪ್ರತಿ ಸಂಜೆ ಎರಡು ಬಕೆಟ್ ಸಿಹಿನೀರು ಸುರಿಯದಿದ್ದರೆ ಎಲ್ಲ ವ್ಯರ್ಥ. ಕೋಣೆ ಹಿಡಿಯುವಾಗ ನಾನು ಮೊದಲು ಕೇಳುವುದು ಅಂಗಳದಲ್ಲಿ ನಲ್ಲಿ ಇದೆಯೇ ಎಂದು.

ಕುಂದಾಪುರದಾಚೆ ನಿಜವಾದ ಬಹುಮಾನ. ಸಾಸ್ತಾನದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಇಳಿದರೆ ಹಂಗಾರಕಟ್ಟೆ. ಸೀತಾ, ಸ್ವರ್ಣಾ ಎರಡೂ ಹೊಳೆಗಳು ಕೂಡಿ ಸಮುದ್ರಕ್ಕೆ ಬೀಳುವ ಜಾಗ. ಆಚೆ ಕೋಡಿಬೆಂಗ್ರೆ, ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಕಿರಿದಾದ ಮರಳಿನ ಪಟ್ಟಿ, ಅದರ ಮೇಲೆ ರಸ್ತೆ, ಮನೆ, ತೆಂಗು. ಇಲ್ಲಿಯದು ದೋಣಿಯಲ್ಲ, ಬಾರ್ಜ್. ಗಾಡಿ ಸವಾರಿ ಮಾಡಿಕೊಂಡೇ ಹತ್ತಬಹುದು, ಕಾರೂ ಹತ್ತುತ್ತದೆ. ಹಾಗೆಂದು ಉಬ್ಬರದ ಲೆಕ್ಕ ಬಿಡಬಾರದು. ಇಳಿತದಲ್ಲಿ ಬಾರ್ಜಿನ ತಗಡಿನ ಬಾಯಿ ಕಡಿದಾಗಿ ನಿಲ್ಲುತ್ತದೆ, ಸಾಮಾನು ಹೇರಿದ ಗಾಡಿಯ ಸೈಲೆನ್ಸರ್ ಅಂಚಿಗೆ ತಾಗುತ್ತದೆ. ನಾನು ಹೋದದ್ದು ಎರಡೂವರೆ ಗಂಟೆ ಸುಮಾರಿಗೆ. ಆ ದಿನ ನೀರು ತುಂಬಿದ ಹೊತ್ತಿಗೂ ಬಾರ್ಜಿನವರು ಊಟ ಮುಗಿಸಿದ ಹೊತ್ತಿಗೂ ಸರಿಹೋಯಿತು. ಅವರ ಊಟದ ಸಮಯ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಅದಕ್ಕೆ ನನ್ನ ಬಳಿ ಧಕ್ಕೆಯ ಹತ್ತಿರದ ಒಬ್ಬ ಅಂಗಡಿಯವರ ಫೋನ್ ನಂಬರ್ ಇದೆ. ಹೊರಡುವ ಮುನ್ನ ಒಂದು ಮಾತು ಕೇಳುತ್ತೇನೆ: "ಅಕ್ಕ, ಇವತ್ತು ಬಾರ್ಜ್ ಉಂಟಾ?" ನಂಬರ್ ಕೊಡುವುದಿಲ್ಲ. ನೀವೂ ಒಂದು ಸಲ ಅಲ್ಲಿ ಕುಳಿತು ಸೋಡಾ ಕುಡಿದರೆ ಯಾರಾದರೂ ಕೊಟ್ಟಾರು.

ಕೋಡಿಬೆಂಗ್ರೆಯಿಂದ ಹೂಡೆ ಮೇಲೆ ಮಲ್ಪೆ. ಮಲ್ಪೆಯಲ್ಲಿ ಸೇತುವೆ ದಾಟಿ ಪಡುಕೆರೆ. ಅಲ್ಲಿ ಮರಳಿನ ಮೇಲೆ ಗಾಡಿ ಓಡಿಸುವ ಇನ್ನೊಂದು ಪ್ರಯೋಗ ಮಾಡಿದೆ. ಹಿಂದಿನ ಟೈರಿನ ಗಾಳಿಯನ್ನು ಮಾಮೂಲಿನ ಅರ್ಧಕ್ಕೆ ಇಳಿಸಿದರೆ ಒದ್ದೆ ಮರಳಿನಲ್ಲಿ ಓಡುತ್ತದೆ, ಒಣ ಮರಳು ಬಂದ ಕೂಡಲೇ ಚಕ್ರ ಹೂತು ಕೂರುತ್ತದೆ. ಮತ್ತೆ ಗಾಳಿ ತುಂಬಲು ಕೈಪಂಪಿನಲ್ಲಿ ಇಪ್ಪತ್ತು ನಿಮಿಷ. ಕಣ್ಣೂರಿನ ಮುಳಪ್ಪಿಲಂಗಾಡಿನ ಗಟ್ಟಿ ಮರಳಿನಲ್ಲಿ ಕಾರುಗಳೇ ಓಡುತ್ತವೆ, ನಮ್ಮ ಕಡೆಯ ಮರಳು ಅದಕ್ಕೆ ಒಗ್ಗುವುದಿಲ್ಲ. ಈ ಆಟವನ್ನು ಅಲ್ಲಿಗೇ ಕೈಬಿಟ್ಟೆ. ಪಡುಕೆರೆಯಿಂದ ಮಟ್ಟು ಹಾದು ಕಾಪುವಿನವರೆಗೆ ಕಡಲ ಪಕ್ಕದಲ್ಲೇ ದಾರಿ ಸಾಗುತ್ತದೆ. ಹೆದ್ದಾರಿಯ ಲಾರಿಗಳ ಸದ್ದೇ ಇಲ್ಲ. ಮಟ್ಟುವಿನಲ್ಲಿ ಗುಳ್ಳ ಬದನೆಯ ಗದ್ದೆಗಳನ್ನು ನೋಡುತ್ತ ಹೋದೆ. ಒಂದು ಕಿಲೋ ಬದನೆ ಕೊಂಡು ಚೀಲಕ್ಕೆ ಹಾಕಿದೆ, ಮನೆಯವರ ಸಿಟ್ಟಿಗೆ ಪರಿಹಾರ. ಕಾಪುವಿನಲ್ಲಿ 1901ರ ದೀಪಸ್ತಂಭ. ಅದನ್ನು ಹತ್ತಿದರೆ ಬಂದ ದಾರಿ ಮರಳಿನ ಮೇಲೆ ಎಳೆದ ಗೆರೆಯಾಗಿ ಕಾಣುತ್ತದೆ.

ಮೂಲ್ಕಿಯಿಂದ ಸಸಿಹಿತ್ಲಿನ ಕಡೆ ಶಾಂಭವಿ, ನಂದಿನಿ ಕೂಡುವಲ್ಲಿ ನನಗೊಂದು ದಾರಿ ಗೊತ್ತು. ಬರೆಯುವುದಿಲ್ಲ. ಹಿಂದೆ ಒಂದು ಜಾಗದ ಬಗ್ಗೆ ಹೇಳಿ, ಮರುವರ್ಷ ಹೋದಾಗ ಅಲ್ಲಿ ಬಾಟಲಿಗಳ ರಾಶಿ ನೋಡಿದ್ದೇನೆ.

ಮಂಗಳೂರು ಸೇರಿದ ಮೇಲೆ ಗಾಡಿಯನ್ನು ಸುಲ್ತಾನ್ ಬತ್ತೇರಿಯಲ್ಲಿ ನಿಲ್ಲಿಸಿ, ಕೈಬೀಸಿಕೊಂಡು ದೋಣಿ ಹತ್ತಿ ಫಲ್ಗುಣಿ ದಾಟಿ ತಣ್ಣೀರುಬಾವಿಗೆ ಹೋಗಿ ಬಂದೆ. ಬೇಕಿರಲಿಲ್ಲ, ತಾರಿಯ ಹುಚ್ಚು.

ಇನ್ನು ದುಡ್ಡು. ಕಾರವಾರದಿಂದ ಮಂಗಳೂರಿಗೆ ನೇರ 270 ಕಿಲೋಮೀಟರು, ನನ್ನದು ಸುತ್ತಿ ಬಳಸಿ ಮುನ್ನೂರೈವತ್ತರ ಹತ್ತಿರ. ಪೆಟ್ರೋಲ್ ಆರು ಲೀಟರಿಗಿಂತ ಕಡಿಮೆ, ಆರುನೂರು ರೂಪಾಯಿ. ತಾರಿ, ಬಾರ್ಜ್ ಎಲ್ಲ ಸೇರಿ ನೂರು ದಾಟಲಿಲ್ಲ. ಟೋಲ್ ಹೇಗೂ ಬೈಕಿಗಿಲ್ಲ. ಕೋಣೆಗಳು ದಿನಕ್ಕೆ ಏಳುನೂರರಿಂದ ಒಂಬೈನೂರು. ಊಟ, ಚಹಾ ದಿನಕ್ಕೆ ನಾನೂರು. ಎಲ್ಲ ಕೂಡಿ ನಾಲ್ಕು, ನಾಲ್ಕೂವರೆ ಸಾವಿರ. ಹಿಂದೆ ಒಂದೇ ಓಟಕ್ಕೆ ಊರು ಸೇರಿದ ಸಲ ರಾತ್ರಿಯ ದುಬಾರಿ ಕೋಣೆ, ಘಾಟಿಯಲ್ಲಿ ಕಿತ್ತುಹೋದ ಚೈನ್, ಅದಕ್ಕೆ ಹೊಸ ಸ್ಪ್ರಾಕೆಟ್, ಗಾಡಿ ಹೊತ್ತ ಟೆಂಪೊ ಸೇರಿ ಆರು ಸಾವಿರ ಕೈಬಿಟ್ಟಿತ್ತು. ಖರ್ಚು ದುಪ್ಪಟ್ಟು ಎಂದವರು ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಲಿ.

ಆ ಉಳಿತಾಯವನ್ನು ನಾನು ಇನ್ನೊಂದು ಕಡೆ ಸುರಿದೆ. ಶಿರಾಡಿಯನ್ನು ಹತ್ತಲೇ ಇಲ್ಲ. ಬೈಕನ್ನು ರೈಲಿಗೆ ಪಾರ್ಸೆಲ್ ಹಾಕಿ, ಹಗಲು ರೈಲಿನಲ್ಲಿ ಸುಬ್ರಹ್ಮಣ್ಯ–ಸಕಲೇಶಪುರದ ಸುರಂಗಗಳನ್ನು ಕಿಟಕಿಯಲ್ಲಿ ನೋಡುತ್ತ ಮನೆಗೆ ಬಂದೆ. ಗೆಳೆಯರು ಇದನ್ನು ಸೋಲು ಎನ್ನುತ್ತಾರೆ. ಕೊಂಕಣ ರೈಲ್ವೆಯವರು 1999ರಿಂದ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹೊತ್ತು ಸಾಗಿಸುತ್ತಿದ್ದಾರೆ, ಲಾರಿಗಿಲ್ಲದ ಮರ್ಯಾದೆ ನನ್ನ ನೂರು ಸಿಸಿಗೆ ಏಕೆ? ಪಾರ್ಸೆಲ್ಲಿಗೆ ಹಾಕುವವರು ಆರ್‌ಸಿಯ ಪ್ರತಿ ಮತ್ತು ಗುರುತಿನ ಚೀಟಿ ಇಟ್ಟುಕೊಳ್ಳಿ. ಟ್ಯಾಂಕ್ ಪೂರ್ತಿ ಖಾಲಿ ಇರಬೇಕು. ಅದಕ್ಕಾಗಿ ಸುರತ್ಕಲ್ ದಾಟಿದ ಮೇಲೆ ನಾನು ಪೆಟ್ರೋಲ್ ಹಾಕಿಸಲಿಲ್ಲ, ಉಳಿದ ಕಾಲು ಲೀಟರನ್ನು ಆಟೊದವರಿಗೆ ಕೊಟ್ಟೆ. ಗೋಣಿ ಸುತ್ತಿ ಹೊಲಿಯುವವರು ನಿಲ್ದಾಣದ ಹೊರಗೇ ಸಿಗುತ್ತಾರೆ, ಮೊದಲು ಹೇಳುವ ದರದ ಅರ್ಧಕ್ಕೆ ಒಪ್ಪುತ್ತಾರೆ. ಕನ್ನಡಿಗಳನ್ನು ಬಿಚ್ಚಿ ಚೀಲದಲ್ಲಿಟ್ಟುಕೊಳ್ಳಿ. ಎಲ್ಲ ಸೇರಿ ನನಗೆ ಎರಡು ಸಾವಿರದ ಒಳಗೆ ಮುಗಿಯಿತು. ಗಾಡಿ ಬಂದಿದೆ ಎಂದು ತಿಳಿದ ದಿನವೇ ಹೋಗಿ ಬಿಡಿಸಿಕೊಳ್ಳಿ. ತಡಮಾಡಿದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಏರುತ್ತದೆ.